ಹನ್ನೆರಡು ಕೋಳಿಗೆ ಸರಕಾರಿ ಶಿಕ್ಕಾ

ಸಾವಿರದ ಒಂಬೈನೂರ ಇಪ್ಪತ್ತೆಂಟನೆಯ ಇಸವಿಯಲ್ಲಿ ಪುಣೆಯ ಭವಾನಿ ಪೇಠೆಯಲ್ಲಿ ಕಾಡಪ್ಪನ ಕೋಳಿಗಳಿಗಿದ್ದಷ್ಟು ದಿಮಾಕು ಕುದುರೆ ಏರಿದ ಸಾಹೇಬರಿಗೂ ಇರಲಿಲ್ಲ. ಹನ್ನೊಂದು ಹೆಣ್ಣು, ಒಂದು ಹುಂಜ. ಹುಂಜ ಬೆಳಿಗ್ಗೆ ಒಂದು ಸಲ ಕೂಗಿದರೆ ಸ್ಟೇಷನ್ನಿನಲ್ಲಿ ಮದ್ರಾಸ್ ಮೇಲು ರೈಲು ಗಾರ್ಡಿನ ಸೀಟಿ ಕಾಯದೆ ಹೊರಟೇಬಿಡುತ್ತಿತ್ತು. ಹೆಣ್ಣುಗಳು ಇಟ್ಟ ತತ್ತಿ ಒಡೆದರೆ ಹಳದಿ ಎಷ್ಟು ಗಟ್ಟಿಯೆಂದರೆ, ಭೀಮವ್ವ ಅದನ್ನು ಕದಡಲು ಕಡಗೋಲು ತರಬೇಕಾಗುತ್ತಿತ್ತು.

ಭೀಮವ್ವ ಕಾಡಪ್ಪನ ಹೆಂಡತಿ. ಗಂಡ ಹೆಂಡತಿ ಇಬ್ಬರೂ ವಿಜಾಪುರದ ಕಡೆಯಿಂದ ಬಂದು ಎಂಟು ತಿಂಗಳಾಗಿತ್ತು. ಕಾಡಪ್ಪ ಶಿವಪುತ್ರಪ್ಪ ಸಾಹುಕಾರರ ಬೆಲ್ಲದ ಅಂಗಡಿಯಲ್ಲಿ ತೂಕ ಮಾಡುವವನು. ಇರುವುದು ಮನೆಯೊಡತಿ ರಂಗೂಬಾಯಿಯ ವಾಡೆಯ ಹಿಂದಿನ ಎರಡು ಕೋಣೆಯಲ್ಲಿ, ಮುಂದೆ ಬೇವಿನ ಮರವಿದ್ದ ಹಿತ್ತಲು. ಆ ಹಿತ್ತಲೇ ಕೋಳಿಗಳ ಸಂಸ್ಥಾನ.

ಸಾಕಲಿಕ್ಕೆ ಅವನು ಔಷಧ ತಂದವನಲ್ಲ, ಪುಸ್ತಕ ಓದಿದವನಲ್ಲ. ಅಂಗಡಿಯಲ್ಲಿ ಬೆಲ್ಲ ಖಾಲಿಯಾದ ಗೋಣಿಚೀಲವೊಂದನ್ನು ತಂದು ಹಿತ್ತಲಿನಲ್ಲಿ ಹಾಸುವನು. ಒಂದು ತಾಸಿನೊಳಗೆ ಹಡಪ್ಸರದಿಂದಲೂ ಇರುವೆಗಳು ಸಾಲುಹಿಡಿದು ಬರುವುವು. ಕೋಳಿಗಳು ಕೂತಲ್ಲೇ ಊಟ ಮುಗಿಸುವುವು. ಹಳೆಯ ಗಡಿಗೆಯಲ್ಲಿ ಸೆಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ನೆಲಕ್ಕೆ ಬೋರಲು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ಗೆದ್ದಲು. ಅದು ಮರಿಗಳಿಗೆ ಹಬ್ಬದ ಅಡಿಗೆ. ಮೈಗೆ ಹೇನು ಬಿದ್ದರೆ ಒಲೆಯ ಬೂದಿಯ ಗುಂಡಿ, ಅದರಲ್ಲೇ ಹೊರಳಾಟ. ಕಾವು ಕೂತ ಕೋಳಿಯ ಬುಟ್ಟಿಗೆ ಕೆಳಗೆ ಬೂದಿ, ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಹುಲ್ಲು. ಗುಡುಗಿಗೆ ತತ್ತಿ ಕೆಡಬಾರದೆಂದು ಮೂಲೆಯಲ್ಲೊಂದು ಕಬ್ಬಿಣದ ಮೊಳೆ. ಇಷ್ಟೇ. ಇಷ್ಟಕ್ಕೇ ಆ ಕೋಳಿಗಳು ಹದ್ದನ್ನು ಕಂಡರೆ ಓಡುತ್ತಿರಲಿಲ್ಲ, ಹದ್ದೇ ದಾರಿ ಬದಲಿಸಿ ಘೋರಪಡಿಯ ಮೇಲಿಂದ ಸುತ್ತಿಕೊಂಡು ಹೋಗುತ್ತಿತ್ತು.

ಹದ್ದಿಗೆ ಇದ್ದ ತಿಳಿವಳಿಕೆ ರಂಗೂಬಾಯಿಯ ಹಪ್ಪಳಕ್ಕೆ ಇರಲಿಲ್ಲ. ಒಂದು ಸೋಮವಾರ ಅವಳು ಅಂಗಳದಲ್ಲಿ ಇನ್ನೂರು ಹಪ್ಪಳ ಒಣಹಾಕಿ ಒಳಗೆ ಹೋಗಿ ಬರುವುದರೊಳಗೆ ಹನ್ನೊಂದು ಕೋಳಿಗಳು ಅವುಗಳ ಮೇಲೆ ಸಾವಕಾಶವಾಗಿ ನಡೆದುಹೋಗಿದ್ದವು. ಇನ್ನೂರು ಹಪ್ಪಳಕ್ಕೂ ಮೂರು ಬೆರಳಿನ ರುಜು ಬಿದ್ದಿತ್ತು. ರಂಗೂಬಾಯಿ ಲಟ್ಟಣಿಗೆ ಎತ್ತಿಕೊಂಡು, "ಕೋಂಬಡ್ಯಾ! ಕೋಂಬಡ್ಯಾ!" ಎಂದು ಕಿರುಚುತ್ತ ಬಂದಳು.

"ಆದಿತ್ಯವಾರದೊಳಗ ಇವು ನನ್ನ ವಾಡೇದಿಂದ ಹೊರಗ!" ಅವಳ ಮರಾಠಿಯನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ. "ಇಲ್ಲಾ ಅಂದ್ರ ನೀನೂ ಹೊರಗ, ನಿನ್ನ ಬುಟ್ಟೀನೂ ಹೊರಗ. ಸರಕಾರದ ಶಿಕ್ಕಾ ಬಿದ್ದ ಕಾಗದ ತಂದ್ರೂ ಬಿಡಂಗಿಲ್ಲ... ತಂದ್ರ ಬ್ಯಾರೆ ಮಾತು, ಎಲ್ಲಿಂದ ತರ್ತೀ ನೀನು!"

ಕಾಡಪ್ಪ ಬೇವಿನ ಬುಡದ ಬುಟ್ಟಿಯ ಕಡೆ ನೋಡಿದ. ಉಳಿದ ಹನ್ನೊಂದನ್ನು ಹೇಗಾದರೂ ಎಲ್ಲಾದರೂ ಬಿಟ್ಟುಬಂದಾನು, ಆದರೆ ಚಂದ್ರಿ? ಚಂದ್ರಿ ಅವನ ಕೈಯಲ್ಲಿ ಬೆಳೆದ ಕರಿಯ ಕೋಳಿ. ಮೊದಲ ಸಲ ಕಾವು ಕೂತಿತ್ತು, ಹನ್ನೊಂದು ತತ್ತಿಯ ಮೇಲೆ. ಆ ಮುಂಜಾನೆ ಹಪ್ಪಳ ತುಳಿಯಲು ಐದೇ ಐದು ನಿಮಿಷ ಎದ್ದಿತ್ತು, ಅಷ್ಟೇ. ಕಾವು ಕೂತ ಕೋಳಿಯ ಬುಟ್ಟಿ ಎತ್ತಿ ಇನ್ನೊಂದು ಕಡೆ ಇಟ್ಟರೆ ಅದು ಮುನಿಸಿಕೊಂಡು ಏಳುತ್ತದೆ. ತತ್ತಿ ತಣ್ಣಗಾದರೆ ಒಳಗಿನ ಜೀವ ಮುಗಿಯಿತು. ಇಪ್ಪತ್ತೊಂದು ದಿನ ತುಂಬುವುದು ಮಂಗಳವಾರ. ರಂಗೂಬಾಯಿಯ ಗಡುವು ಅದಕ್ಕೆ ಎರಡು ದಿನ ಮುಂಚೆ.

"ಇನ್ನೆರಡ ದಿನಾ ಕೇಳ್ರಲ್ಲಾ," ಎಂದಳು ಭೀಮವ್ವ.

"ಕೇಳ್ದೆ. ಲಟ್ಟಣಿಗಿ ತೋರಿಸಿದ್ಲು."

"ಇನ್ನೊಮ್ಮೆ ಕೇಳ್ರಿ."

"ಇನ್ನೊಮ್ಮೆ ಕೇಳಿದ್ರ ತೋರಸಂಗಿಲ್ಲ, ಇಡ್ತಾಳ. ನೀ ಸುಮ್ಕಿರು. ಸರಕಾರದ ಕಾಗದಾ ಅಂದ್ಲಲ್ಲಾ, ಕಾಗದಾನ ತರ್ತೀನಿ."

ಭಾಂಬುರ್ಡೆಯ ಬಯಲಿನಲ್ಲಿ ಆ ಶನಿವಾರ ಒಕ್ಕಲುತನದ ಪ್ರದರ್ಶನ ನಡೆಯುವುದಿತ್ತು. ಎತ್ತು, ಕಬ್ಬು, ರಾಟೆ, ದನದ ಹೇನು, ಎಲ್ಲವನ್ನೂ ಸರಕಾರವೇ ನೋಡಿ, ಚೆನ್ನಾಗಿದ್ದವಕ್ಕೆ ದುಂಡು ಶಿಕ್ಕಾ ಒತ್ತಿದ ಪ್ರಶಸ್ತಿಪತ್ರ ಕೊಡುತ್ತದೆಂದು ಅಂಗಡಿಯಲ್ಲಿ ಮಾತಾಗಿತ್ತು. ತನ್ನ ಕೋಳಿಯನ್ನು ನೋಡಿದ ಮೇಲೆ ಸರಕಾರ ಶಿಕ್ಕಾ ಒತ್ತದೆ ಇದ್ದೀತೆ? ಮಸಿ ಮುಗಿಯುವ ತನಕ ಒತ್ತೀತು!

"ಅಲ್ಲಿ ಹೋಗಿ ಏನಂತೀರಿ?" ಭೀಮವ್ವ ಕೇಳಿದಳು.

"ಏನಂತಾರ? ಕೋಳಿ ಅಂತೀನಿ."

"ಮರಾಠಿಯೊಳಗ ಕೋಂಬಡಿ ಅಂತಾರ್ರಿ. ಕೋಂಬಡಿ ಅನ್ರಿ."

ಕಾಡಪ್ಪ ಹೌಹಾರಿ ಅವಳ ಬಾಯಿ ಮುಚ್ಚಿದ. "ಏ ಹುಚ್ಚೀ! ಆ ಮಾತು ಎಲ್ಲಿ ಕಲ್ತಿ? ರಂಗೂಬಾಯಿ ದಿನಾ ಲಟ್ಟಣಿಗಿ ಹಿಡದು ಅದನ್ನ ಒದರತಾಳ. ತಾಯಿ ಮ್ಯಾಲಿನ ಬೈಗುಳ ಅದು. ಸಾಹೇಬರ ಮುಂದ ಅಂದ್ರ ನೇರ ಯರವಡಾ ಜೇಲು!"

"ಕಾಯಿಪಲ್ಲೆ ಮಾರೋಕಿನೂ ಹಂಗ ಅಂತಾಳ್ರೀ."

"ಆಕಿ ಬಾಯಿನೂ ಹೊಲಸು. ಮರಾಠಿ ನನಗ ಕಲಸ್ತೀಯೇನು? ಪೇಶವೆಯವರಿದ್ರ ನನ್ನ ಕೇಳಿ ಮಾತಾಡ್ತಿದ್ರು."

ಕಾಡಪ್ಪನ ಮರಾಠಿ ಸರಳವಾಗಿತ್ತು. ಕನ್ನಡದ ಯಾವ ಮಾತಿಗಾದರೂ ಬಾಲದಲ್ಲಿ "ಆಹೇ" ಕಟ್ಟಿಬಿಟ್ಟರೆ ಅದು ಮರಾಠಿ. ಬೆಲ್ಲದ ಪೇಠೆಯಲ್ಲಿ ಅರ್ಧ ಜನ ಕನ್ನಡದವರೇ ಆದ್ದರಿಂದ ಇದು ಎಂಟು ತಿಂಗಳು ನಡೆದುಬಂದಿತ್ತು. ಸಾಲದೆ ಬಂದಲ್ಲಿ ಪೇಠೆಯಲ್ಲಿ ಹೆಕ್ಕಿದ ಹರಕುಮುರುಕು ಮರಾಠಿ, ಕೈಸನ್ನೆ. ಇನ್ನು, ಮರಾಠಿಯಲ್ಲಿ "ಕೋಳೀ" ಎಂಬ ಮಾತೂ ಇದೆ, ಅದರ ಅರ್ಥ ಜೇಡರ ಹುಳ ಎಂಬ ಸಂಗತಿ ಆಗ ಪುಣೆಯಲ್ಲಿ ಕಾಡಪ್ಪ ಭೀಮವ್ವರನ್ನು ಬಿಟ್ಟು ಕತ್ತೆಕುದುರೆಗಳಿಗೂ ಗೊತ್ತಿತ್ತು.

ಮರುದಿನ ಬಯಲಿನ ಡೇರೆಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವನು ಪ್ರಲ್ಹಾದ ಎಂಬ ತೆಳ್ಳಗಿನ ಕಾರಕೂನ. ತಲೆ ಎತ್ತದೆಯೇ, "ಏನು ತರುತ್ತೀರಿ?" ಎಂದು ಕೇಳಿದ.

"ಕೋಳಿ ಆಹೇ."

ಲೇಖಣಿ ನಿಂತಿತು. "ಕೋಳೀ?"

"ಹೂಂ. ಹನ್ನೆರಡು. ಮನಿಯೊಳಗ ಸಾಕೀನಿ."

"ತಾವಾಗಿ ಬಂದು ಸೇರಿಕೊಂಡವೋ, ನೀವೇ ಸಾಕಿದಿರೋ?"

"ತಾವಾಗಿ ಬರಾಕ ಅವೇನು ಬೀಗರೇನ್ರಿ? ಎದೀ ಮ್ಯಾಲ ಮಲಗಿಸಿಕೊಂಡು ಬೆಳಸೀನಿ."

ಪ್ರಲ್ಹಾದ ತನ್ನ ಎದೆ ಮುಟ್ಟಿನೋಡಿಕೊಂಡ. "ಎಷ್ಟು ದೊಡ್ಡವು?"

ಕಾಡಪ್ಪನ ಕೋಳಿ ಕೈಯಗಲ ಇದ್ದರೆ ಹೆಚ್ಚು. ಆದರೆ ಸರಕಾರದ ಮುಂದೆ ಕೋಳಿಯ ಮಾನ ಕಳೆಯುವುದು ಹೇಗೆ? ಎರಡೂ ತೋಳು ಚಾಚಿದ. "ಕೂತಾಗ ಇಷ್ಟು. ಸಿಟ್ಟಿಗೆದ್ದು ನಿಂತ್ರ ಅಳೆಯಾಕ ಯಾರೂ ಹೋಗಿಲ್ಲ."

"ಏನು ತಿನ್ನುತ್ತವೆ?"

"ಇರಿವಿ, ಗೆದ್ದಲ. ಹಲ್ಲಿ ಸಿಕ್ರ ಹಲ್ಲಿ. ಹೋದ ವರ್ಷ ಒಂದು ಹಾವಿನ ಮರೀನ ಶ್ಯಾವಿಗೀಹಂಗ ಎಳದು ನುಂಗೇತಿ."

"ಕಚ್ಚುತ್ತವೆಯೇ?"

"ತತ್ತಿ ಮ್ಯಾಲ ಕೂತಾಗ ಕೈ ಹಾಕಿದ್ರ ಬೆರಳು ನಿಮ್ಮದಲ್ಲ," ಎಂದು ಕಾಡಪ್ಪ ಹೆಬ್ಬೆರಳಿನ ಗಾಯ ತೋರಿಸಿದ. ಅದು ಬೆಲ್ಲ ಒಡೆಯುವಾಗ ಆದದ್ದು, ಆ ಮಾತು ಬೇರೆ.

"ತತ್ತಿ ಬೇರೆ ಇಡುತ್ತವೆ!"

"ದಿನಾ ಒಂದು. ಇಷ್ಟಿಷ್ಟು ದಪ್ಪ. ಹೆಂಡತಿ ಉಳ್ಳಾಗಡ್ಡಿ ಹಾಕಿ ಹುರೀತಾಳ."

ಪ್ರಲ್ಹಾದ ಪಕ್ಕದ ತಂಬಿಗೆಯ ನೀರನ್ನು ಗಟಗಟ ಕುಡಿದ. "ನೀವು... ತಿನ್ನುತ್ತೀರಿ?"

"ತತ್ತಿ ಯಾಕ್ರಿ, ಹಬ್ಬ ಬಂದ್ರ ಕೋಳೀನ ತಿಂತೇವಿ. ಕಾಲು ಭಾಳ ರುಚಿ."

"ಎಂಟೂ ಕಾಲು?"

"ಎಂಟೇನು, ಒಂದ ಕೂತ್ಕಿಗೆ ಹತ್ತು ತಿಂದೀನಿ!"

ಪ್ರಲ್ಹಾದ ಕುರ್ಚಿಯನ್ನು ಎರಡು ಮೊಳ ಹಿಂದಕ್ಕೆ ಸರಿಸಿ, ಅಲ್ಲಿಂದಲೇ ಕೈ ಚಾಚಿ ಪುಸ್ತಕದಲ್ಲಿ ಬರೆದುಕೊಂಡ: 'ಕಾಡಪ್ಪ, ಭವಾನಿ ಪೇಠ. ಜೀವಂತ ಕೋಳೀ. ಕೀಟಗಳ ಡೇರೆ.' ಆಮೇಲೆ ಕೈಮುಗಿದು ಹೇಳಿದ, "ಒಂದೇ ತನ್ನಿ. ದಯಮಾಡಿ ಒಂದೇ. ಮುಚ್ಚಿ ತನ್ನಿ."

ಶನಿವಾರ ಕಾಡಪ್ಪ ಚಂದ್ರಿಯ ಅಕ್ಕ ಮಲ್ಲಿಯನ್ನು ಬಿದಿರಬುಟ್ಟಿಯಲ್ಲಿ ಮುಚ್ಚಿ, ಮೇಲೆ ಕೌದಿ ಹೊದಿಸಿ ತಲೆಯ ಮೇಲೆ ಹೊತ್ತು ಹೊರಟ. ಕೀಟಗಳ ಡೇರೆಯಲ್ಲಿ ಒಂದು ಕಡೆ ಜೇನುಪೆಟ್ಟಿಗೆ, ಇನ್ನೊಂದು ಕಡೆ ತಟ್ಟೆಯಲ್ಲಿ ರೇಶಿಮೆ ಹುಳ, ನಡುವೆ ಅವನ ಜಾಗ. ಇದನ್ನು ಕಂಡು ಕಾಡಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಕೋಳಿಗೆ ಮಧ್ಯಾಹ್ನದ ಊಟಕ್ಕೆ ತೊಂದರೆಯಾಗಬಾರದೆಂದು ಹುಳಗಳ ಮಗ್ಗುಲಲ್ಲೇ ಕೂಡಿಸಿದ್ದಾರೆ! ಇಂಥ ಸರಕಾರವನ್ನು ಜನ ಸುಮ್ಮನೆ ಬೈಯುತ್ತಾರಲ್ಲ!

ಬುಟ್ಟಿಯ ಸುತ್ತ ಇಪ್ಪತ್ತು ಹೆಜ್ಜೆ ದೂರಕ್ಕೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಜನವೋ ಜನ. ಎತ್ತುಗಳ ಡೇರೆ ಖಾಲಿಯಾಗಿ ಎತ್ತುಗಳೂ ಇತ್ತ ಬರಲು ಕಣ್ಣಿ ಜಗ್ಗುತ್ತಿದ್ದವು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿ ತಾವು ನೋಡುತ್ತಿದ್ದರು. ನೋಡಲಿಕ್ಕೆ ಇದ್ದದ್ದು ಒಂದು ಕೌದಿ.

ಮಧ್ಯಾಹ್ನ ಪರೀಕ್ಷೆಗೆ ಬಂದವರು ದಪ್ಪ ಕನ್ನಡಕದ ಒಬ್ಬ ಮುದುಕ ಪಂಡಿತರು. ನಲವತ್ತು ವರ್ಷ ಹುಳಗಳನ್ನೇ ನೋಡಿದ್ದರಿಂದ ಮನುಷ್ಯರನ್ನು ನೋಡಿದರೂ ಮೊದಲು ಕಾಲೆಣಿಸುವವರು. ಅವರಿಗೆ ಹೆದರಿಕೆ ಎಂಬುದೇ ಇರಲಿಲ್ಲ. ಹಗ್ಗ ದಾಟಿ ಬಂದು ಬುಟ್ಟಿಯ ಮುಂದೆ ಮಂಡಿಯೂರಿ ಕೌದಿಯನ್ನು ಒಂದು ಚೂರು ಸರಿಸಿ ಬಿದಿರಿನ ಸಂದಿಗೆ ಕಿವಿಯಿಟ್ಟರು.

ಒಳಗಿಂದ ಮಲ್ಲಿ, "ಕೊಕ್," ಎಂದಿತು.

ಪಂಡಿತರ ಕನ್ನಡಕ ಹಣೆಗೇರಿತು. "ಸದ್ದು ಮಾಡುತ್ತದೆ! ಜಗತ್ತಿನಲ್ಲಿ ಸದ್ದು ಮಾಡುವ ಕೋಳೀಯನ್ನು ಯಾರೂ ಕಂಡಿಲ್ಲ!"

ಕಾಡಪ್ಪನಿಗೆ ಮುದುಕರ ಮೇಲೆ ಮರುಕ ಹುಟ್ಟಿತು. ಇಷ್ಟು ಓದಿಯೂ ಪಾಪ, ಕೋಳಿಯ ಕೂಗು ಕೇಳಿಲ್ಲ. "ಇದೇನು ಸದ್ದ್ರೀ ಸಾಹೇಬ್ರ," ಎಂದು ಸಮಾಧಾನ ಹೇಳಿದ. "ಇದರ ಗಂಡನ ಸದ್ದು ಕೇಳಬೇಕು ನೀವು. ಇಡೀ ಪೇಠೆ ಎದ್ದು ಕೂಡ್ತದ."

"ತೆಗೆಯಿರಿ, ತೆಗೆಯಿರಿ, ನೋಡೋಣ!" ಎಂದು ಪಂಡಿತರು ಬುಟ್ಟಿಗೆ ಕೈಹಾಕಿದರು. ಮುಂಜಾನೆಯಿಂದ ಹಸಿದು ಕತ್ತಲಲ್ಲಿ ಕೂತಿದ್ದ ಮಲ್ಲಿ ಸಂದಿಯಿಂದ ಕಂಡ ಹೊಳೆಯುವ ವಸ್ತುವನ್ನು ಗಕ್ಕನೆ ಕುಕ್ಕಿತು. ಪಂಡಿತರ ಕೋಟಿನ ಹಿತ್ತಾಳೆ ಗುಂಡಿ ದಾರಸಮೇತ ಒಳಗೆ ಹೋಯಿತು.

"ಗುಂಡಿ ತಿಂತು!" ಎಂದು ಪ್ರಲ್ಹಾದ ಚೀರಿದ. ಹಗ್ಗದಾಚೆಯ ಜನ ಒಂದೇ ಉಸಿರಿಗೆ ಗಣೇಶಖಿಂಡದ ತನಕ ಓಡಿ, ಉಸಿರು ಸಾಲದೆ ನಿಂತಿತು. ನಾಲ್ವರು ಸಿಪಾಯಿಗಳು ಪಂಡಿತರ ಎರಡೂ ರಟ್ಟೆ ಹಿಡಿದು ಎಳೆದರು. ಅವರು ಎಳೆಸಿಕೊಳ್ಳುತ್ತಲೇ ಆನಂದದಿಂದ ಅಳುತ್ತಿದ್ದರು. "ನನ್ನನ್ನು ಬಿಡಿ! ಬರೆಯಬೇಕು ನಾನು! ಹಿತ್ತಾಳೆ ಜೀರ್ಣಿಸಿಕೊಳ್ಳುವ ಕೋಳೀ!"

ಅಲ್ಲೇ, ಹುಲ್ಲಿನ ಮೇಲೆ ಕೂತು ಬರೆದರು. ಶಿಕ್ಕಾ ಒತ್ತುವವನು ಹತ್ತಿರ ಬರಲು ಒಪ್ಪದ್ದರಿಂದ ಕಾಗದವನ್ನು ಉದ್ದನೆಯ ಗಳುವಿನ ತುದಿಗೆ ಸಿಕ್ಕಿಸಿ ಅವನಿಗೆ ಕೊಟ್ಟು, ಒತ್ತಿಸಿ, ಅದೇ ಗಳುವಿನಲ್ಲಿ ಕಾಡಪ್ಪನಿಗೆ ಕೊಟ್ಟರು. ದುಂಡು ಶಿಕ್ಕಾ, ಕೆಂಪು ಮಸಿ, ನಡುವೆ ಕಿರೀಟ. ಕಾಡಪ್ಪನಿಗೆ ಓದಲು ಬಾರದಿದ್ದರೂ ಅದರ ಪರಿಮಳದಿಂದಲೇ ಕೆಲಸವಾಯಿತೆಂದು ಗೊತ್ತಾಯಿತು.

ಆದಿತ್ಯವಾರ ಬೆಳಿಗ್ಗೆ ರಂಗೂಬಾಯಿ ಹಿತ್ತಲಿನ ಕಟ್ಟೆಯ ಮೇಲೆ ಬಂದು ಕೂತಳು. ಲಟ್ಟಣಿಗೆ ತೊಡೆಯ ಮೇಲಿತ್ತು. ಕೋಳಿಗಳು ಬೂದಿಗುಂಡಿಯಲ್ಲಿ ಹೊರಳುತ್ತಿದ್ದವು. ಚಂದ್ರಿ ಬೇವಿನ ಬುಡದ ಬುಟ್ಟಿಯಲ್ಲಿ ಒಂದು ಕಣ್ಣು ಮುಚ್ಚಿ ಕೂತಿತ್ತು. ಕಾಡಪ್ಪ ಎರಡೂ ಕೈಯಲ್ಲಿ ಕಾಗದ ಹಿಡಿದು ಆರತಿಯ ಹಾಗೆ ಮುಂದೆ ಚಾಚಿದ.

ಅವಳು ಗಟ್ಟಿಯಾಗಿ ಓದಿದಳು. "'ಭವಾನಿ ಪೇಠೆಯ ಕಾಡಪ್ಪ ಎಂಬವರು ತಮ್ಮ ಮನೆಯಲ್ಲಿ ಹನ್ನೆರಡು ಕೋಳೀಗಳನ್ನು ಸಾಕಿರುತ್ತಾರೆ. ಇವು ಒಂದು ಮಾರು ಅಗಲವಿದ್ದು ಹಾವು, ಹಲ್ಲಿ ಮತ್ತು ಹಿತ್ತಾಳೆ ತಿನ್ನುತ್ತವೆ. ವಿದ್ಯೆಯ ಹಿತಕ್ಕಾಗಿ ಇವುಗಳಿಗೆ ಯಾರೂ...'"

ಮುಂದೆ ಓದಲಾಗಲಿಲ್ಲ. ಲಟ್ಟಣಿಗೆ ಉರುಳಿ ಬಿತ್ತು.

"ನನ್ನ ವಾಡೇದಾಗ? ಹನ್ನೆರಡು? ಎಲ್ಲಿ ಅದಾವ?" ಎಂದು ಅವಳು ಕಟ್ಟೆಯ ಮೇಲೆಯೇ ಎದ್ದು ನಿಂತು ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡಳು.

ಕಾಡಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಕೋಳಿಗಳು ಅವಳ ಕಾಲ ಬುಡದಲ್ಲೇ ಇದ್ದವಲ್ಲ! ಭೀಮವ್ವ ಅವನ ಅಂಗಿ ಜಗ್ಗಿ ಕಿವಿಯಲ್ಲಿ ಉಸುರಿದಳು. "ಕೋಳಿ ಅಂದ್ರ ಅವರೊಳಗ ಜೇಡರ ಹುಳಾ ಅಂತರೀ. ಕಾಯಿಪಲ್ಲೆ ಮಾರೋಕಿ ಮುಂಜಾನೆ ಅಂದದ್ದು ಈಗ ಗೊತ್ತಾತು. ಕೋಂಬಡಿ ಅನ್ರಿ ಅಂತ ಬಡಕೊಂಡೆ, ಬಾಯಿ ಮುಚ್ಚಿದ್ರಿ. ಜೇಡರ ಹುಳಕ್ಕ ಶಿಕ್ಕಾ ಒತ್ತಿಸಿಕೊಂಡು ಬಂದೀರಿ!"

ಮೊದಲ ಗಳಿಗೆಯಲ್ಲಿ ಕಾಡಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಕಾಗದ ಹೋಯಿತು, ಚಂದ್ರಿ ಹೋಯಿತು, ಹನ್ನೊಂದು ತತ್ತಿ ಹೋದವು. ಆದರೆ ಕಟ್ಟೆಯ ಮೇಲೆ ಒಂಟಿಕಾಲಲ್ಲಿ ಕುಣಿಯುತ್ತಿದ್ದ ರಂಗೂಬಾಯಿಯನ್ನು ಇನ್ನೊಮ್ಮೆ ನೋಡಿದ. ಎರಡನೆಯ ಗಳಿಗೆಯಲ್ಲಿ ಅವನ ಮುಖದ ಮೇಲೆ ಭಾರೀ ದುಃಖ ಬಂದು ಕೂತಿತು. ನಾಟಕದ ಕಂಪನಿಯವರು ಕಂಡಿದ್ದರೆ ಅಲ್ಲೇ ಪಗಾರ ಗೊತ್ತುಮಾಡುತ್ತಿದ್ದರು.

"ಹಗಲಿನಾಗ ಕಾಣಂಗಿಲ್ರಿ ಬಾಯಾರ," ಎಂದ ಮೆಲ್ಲಗೆ. "ಮಲಗಿರ್ತಾವ. ಸಂದಿಗೊಂದಿ ನೋಡಿ ಮಲಗ್ತಾವ." ಎಂದು ಸುಮ್ಮನೆ ಒಮ್ಮೆ ಅವಳ ಕೋಣೆಯ ತೊಲೆಯ ಕಡೆ ನೋಡಿದ.

"ತೆಗಿ ಅವನ್ನ! ಈಗಿಂದೀಗ ತೆಗಿ!"

"ಹೆಂಗ ತೆಗೀಲಿ? ಸರಕಾರದ ಹುಕುಂ. ಮ್ಯಾಲ ನನಗ ಸಾಕೋ ಹುಚ್ಚು. ಮನಿಯೊಳಗ ಏನರ ಒಂದು ಜೀವ ಓಡ್ಯಾಡದಿದ್ರ ಅನ್ನ ಇಳಿಯಂಗಿಲ್ಲ ನನಗ."

"ಏನರ ಸಾಕಪ್ಪಾ! ಹುಲಿ ಸಾಕು, ಆನಿ ಸಾಕು!"

"ಹುಲಿ ಯಾಕ್ರಿ, ತುಟ್ಟಿ. ಇವು ಇರಲಿ ಅಂದ್ರ ಇವುಗಳ ಮುಖಾ ನೋಡಿಕೊಂಡು ಹೆಂಗರ ಮರೀತೀನಿ," ಎಂದು ಬೂದಿಗುಂಡಿಯ ಕಡೆ ಬೆರಳು ತೋರಿಸಿದ.

"ಇರಲಿ! ಇರಲಿ! ನನ್ನ ಹಪ್ಪಳದ ಮ್ಯಾಲ ಲಗ್ನ ಮಾಡ್ಕೊಳ್ಳಿ! ಆದ್ರ ಅವು ಹನ್ನೆರಡು ನನ್ನ ಕಣ್ಣ ಮುಂದ ಹೋಗಬೇಕು. ನಾಗಝರಿ ಹಳ್ಳ ದಾಟಿಸಬೇಕು."

ಕಾಡಪ್ಪ ಬಿದಿರಬುಟ್ಟಿ ತೆಗೆದುಕೊಂಡು ಅವಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗೆ ಅರ್ಧ ತಾಸು ಧಡಧಡ ಸದ್ದು. "ಬಾ ಮಗನ ಬಾ," "ಏ ಕಾಲು ಬಿಡು," "ನೀ ಒಂಬತ್ತನೇದವ ಏನು?" ಹೊರಬಂದಾಗ ಅಂಗಿ ಹರಿದಿತ್ತು, ಬುಟ್ಟಿಗೆ ಕೌದಿ ಹೊದಿಸಿ ಹಗ್ಗ ಬಿಗಿದಿತ್ತು. ಬುಟ್ಟಿಯಲ್ಲಿ ಗಾಳಿ ಬಿಟ್ಟು ಬೇರೇನಿಲ್ಲ. ಅದನ್ನು ಬೆನ್ನಿಗೆ ಹಾಕಿಕೊಂಡು ಮೂರು ಗೋಣಿ ಬೆಲ್ಲ ಹೊತ್ತವನ ಹಾಗೆ ಬಾಗಿ, ತಿಣುಕುತ್ತ ಹೊರಟ.

ಓಣಿಯ ಬಾಗಿಲುಗಳು ಧಡಧಡ ಮುಚ್ಚಿಕೊಂಡವು, ಕಿಟಕಿಗಳು ತೆರೆದುಕೊಂಡವು. ಹಿಂದೆ ಐವತ್ತು ಹೆಜ್ಜೆ ಬಿಟ್ಟು ಊರೇ ನಡೆಯುತ್ತಿತ್ತು, ಮುಂಚೂಣಿಯಲ್ಲಿ ರಂಗೂಬಾಯಿ. ತಿರುವಿನಲ್ಲಿ ಶಿವಪುತ್ರಪ್ಪ ಸಾಹುಕಾರರು ಅಂಗಡಿಯಿಂದ ಇಳಿದುಬಂದು ಕನ್ನಡದಲ್ಲಿ ಕೇಳಿದರು.

"ಏನೋ ಕಾಡಪ್ಪಾ ಇದು?"

"ಖಾಲಿ ಬುಟ್ಟಿರಿ ಸಾವ್ಕಾರ್ರ," ಎಂದ ಕಾಡಪ್ಪ, ನಡೆಯುತ್ತಲೇ, ಅಚ್ಚ ಕನ್ನಡದಲ್ಲಿ.

"ಖಾಲಿ ಬುಟ್ಟೀಗೆ ಯಾಕ ಇಷ್ಟು ತಿಣಕತೀ?"

"ನೋಡೋ ಮಂದಿ ಭಾರ ಅದಾರ್ರಿ."

"ಏನಂದ? ಏನಂದ?" ಎಂದು ಹಿಂದಿನವರು ಮರಾಠಿಯಲ್ಲಿ ಸಾಹುಕಾರರನ್ನು ಮುತ್ತಿದರು. ಸಾಹುಕಾರರು ಬುಟ್ಟಿ ನೋಡಿದರು, ಜನ ನೋಡಿದರು, ಒಂದು ಸಲ ಮೀಸೆ ತಿರುವಿದರು. "ಒಳಗಿಂದೊಂದು ಹುಳ ಹಗ್ಗ ಕಡಿಯಾಕತ್ತೇತಿ ಅಂತ," ಎಂದರು. ಜನ ಐವತ್ತು ಹೆಜ್ಜೆಯಿಂದ ಐನೂರು ಹೆಜ್ಜೆಗೆ ಹೋಯಿತು.

ನಾಗಝರಿ ಹಳ್ಳದ ಆಚೆ ದಂಡೆಯಲ್ಲಿ ಕಾಡಪ್ಪ ಬುಟ್ಟಿ ಇಳಿಸಿ ಹಗ್ಗ ಬಿಚ್ಚಿ ಕೌದಿ ಹಾರಿಸಿದ. ಪಹರೆಯ ಪೊಲೀಸಿನವನು ನಿಂತಿದ್ದ ಟಾಂಗಾದ ಮೇಲೇರಿದ. ಕುದುರೆ ತಾನೂ ಏರಲು ನೋಡಿತು. ಕಾಡಪ್ಪ ಹನ್ನೆರಡು ಸಲ ಬಗ್ಗಿ ಹನ್ನೆರಡು ಹೆಸರು ಹಿಡಿದು ಬೀಳ್ಕೊಟ್ಟ. ಕೊನೆಯದಕ್ಕೆ ನಿಜವಾಗಿಯೂ ಕಣ್ಣೊರೆಸಿಕೊಂಡ. ಸಂಜೆಯೊಳಗೆ ಆ ಇಲ್ಲದ ಹುಳ ಮೂವರಿಗೆ ಕಚ್ಚಿತ್ತು. ಒಬ್ಬನಂತೂ ಊದಿದ ಕಾಲು ತೋರಿಸಿ, ಹನ್ನೆರಡಲ್ಲ ಹದಿಮೂರು, ನಾನೇ ಎಣಿಸಿದ್ದೇನೆ ಎಂದು ಆಣೆ ಮಾಡಿದ.

"ಬರುವಾಗ ಬುಟ್ಟಿ ಭಾಳ ಹಗುರಾಗಿತ್ತು ನೋಡು," ಎಂದ ಕಾಡಪ್ಪ ರೊಟ್ಟಿ ಮುರಿಯುತ್ತ.

"ಉಣ್ರಿ ಸುಮ್ನ," ಎಂದಳು ಭೀಮವ್ವ.

ಮಂಗಳವಾರ ಬೆಳಗಿನಿಂದ ಚಂದ್ರಿಯ ಕೆಳಗೆ ಟಿಕ್ ಟಿಕ್ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ತತ್ತಿಯಿಂದ ಕಾಡಪ್ಪನ ಲೆಕ್ಕದಲ್ಲಿ ಹದಿನಾಲ್ಕು, ಭೀಮವ್ವನ ಲೆಕ್ಕದಲ್ಲಿ ಹತ್ತು ಮರಿಗಳು ಹೊರಬಂದವು. ರಂಗೂಬಾಯಿ ಸದ್ದು ಕೇಳಿ ಕಟ್ಟೆಯಿಂದ ಇಳಿದು ಬಂದಳು. ಒಂದೊಂದನ್ನೇ ಅಂಗೈಯಲ್ಲಿ ಎತ್ತಿ, ಹೊಟ್ಟೆಯ ಕಡೆ ತಿರುಗಿಸಿ, ಕಾಲು ಎಣಿಸಿದಳು. ಎಲ್ಲಕ್ಕೂ ಎರಡೆರಡೇ ಎಂದು ಪೂರಾ ಖಾತ್ರಿಯಾದ ಮೇಲೆ ಸೆರಗಿನ ಗಂಟು ಬಿಚ್ಚಿ ಸಜ್ಜೆಯ ನುಚ್ಚು ಚೆಲ್ಲಿದಳು.